ಜ್ಞಾನಮಂದಿರದ ಜೀರ್ಣೋದ್ಧಾರ: ದಿಲ್ಲಿಯ ದಾರಾ ಶುಕೋಹನ ಗ್ರಂಥಾಲಯ

ಸ್ಥಾವರಕ್ಕಿಂತ ಜಂಗಮವನ್ನು ಹಿರಿದಾಗಿ ಕಾಣುವುದು ಶರಣಧರ್ಮದ ಮೂಲತತ್ತ್ವಗಳಲ್ಲಿ ಒಂದೆಂಬುದು ಈ ಸಂಪುಟವನ್ನು ಕೈಗೆತ್ತಿಕೊಂಡ ಭಕ್ತಮಹಾಶಯರಿಗೆ ಹೊಸದಾಗಿ ಹೇಳತಕ್ಕ ಮಾತಲ್ಲ. ಹೀಗಿರುವಲ್ಲಿ ಹಳೆಯ ಕಟ್ಟಡವೊಂದರ ಬಿರುಕು ಮುಚ್ಚುವುದಕ್ಕೂ, ತೊಲೆ ಬದಲಿಸುವುದಕ್ಕೂ, ಗಾರೆ ಮೆತ್ತುವುದಕ್ಕೂ ಸಮಾಜದ ಹಣವನ್ನೂ ಶ್ರಮವನ್ನೂ ವೆಚ್ಚ ಮಾಡುವುದು ಯುಕ್ತವೇ ಎಂಬ ಸಂದೇಹವು ವಿಚಾರಶೀಲರಲ್ಲಿ ಹುಟ್ಟುವುದು ಸಹಜ. ಅದರಲ್ಲಿಯೂ ಆ ಕಟ್ಟಡವು ಒಂದು ಕಾಲಕ್ಕೆ ಗ್ರಂಥಾಲಯವಾಗಿದ್ದು, ಅದರೊಳಗಿನ ಗ್ರಂಥಗಳೆಲ್ಲ ಎಂದೋ ಚೆದುರಿಹೋಗಿದ್ದರೆ, ಬರಿದಾದ ಗೂಡನ್ನು ಕಾಯುವುದರಿಂದ ಫಲವೇನೆಂದು ಕೇಳಬಹುದು. ಜ್ಯೂಬಿಲಿ ಮಹೋತ್ಸವದ ಸಮಯದಲ್ಲಿ ಮಠಗಳ ಹಳೆಯ ಕಟ್ಟಡಗಳ ವಿಷಯವು ಭಕ್ತರ ಮುಂದೆ ಬರುವುದುಂಟು. ಆಗ ಈ ಪ್ರಶ್ನೆಯೂ ಬಂದೇ ಬರುವುದು. ಇದಕ್ಕೆ ಬರಿಯ ತರ್ಕದಿಂದ ಉತ್ತರ ಕೊಡುವುದಕ್ಕಿಂತ ಒಂದು ಮನೆಯ ಚರಿತ್ರೆಯನ್ನು ಹೇಳುವುದು ಲೇಸೆಂದು ತೋರುತ್ತದೆ. ಆ ಮನೆಯು ನಮ್ಮ ನಾಡಿನದಲ್ಲ. ನಮ್ಮ ಸಮಯದವರು ಕಟ್ಟಿಸಿದುದೂ ಅಲ್ಲ. ಆದರೂ ಅದರ ಕಥೆಯಲ್ಲಿ ನಾವು ಕಲಿಯತಕ್ಕದ್ದು ಬಹಳವಿದೆ.

ಹಳೆಯ ದಿಲ್ಲಿಯ ಉತ್ತರದ ಕೋಟೆಬಾಗಿಲಾದ ಕಾಶ್ಮೀರಿ ದರವಾಜೆಯ ಸಮೀಪದಲ್ಲಿ, ಈಗ ಅಂಬೇಡ್ಕರ್ ವಿಶ್ವವಿದ್ಯಾಲಯವಿರುವ ಆವರಣದೊಳಗೆ, ಎತ್ತರವಾದ ಕಂಬಸಾಲಿನ ಒಂದು ದೊಡ್ಡ ಕಟ್ಟಡವಿದೆ. ಇದಕ್ಕೆ ದಾರಾ ಶುಕೋಹನ ಗ್ರಂಥಾಲಯವೆಂದು ಹೆಸರು. ದಾರಾ ಶುಕೋಹನು ಮೊಗಲ ಬಾದಶಹನಾದ ಶಹಾಜಹಾನನ ಹಿರಿಯ ಮಗನು, ಕ್ರಿ. ಶ. 1615ರಲ್ಲಿ ಹುಟ್ಟಿದವನು. ತಂದೆಯು 1639ರಲ್ಲಿ ಯಮುನೆಯ ದಂಡೆಯ ಮೇಲೆ ಶಹಾಜಹಾನಾಬಾದವೆಂಬ ಹೊಸ ರಾಜಧಾನಿಯನ್ನು ಕಟ್ಟಲಾರಂಭಿಸಿದಾಗ, ಕೆಂಪು ಕೋಟೆಗೂ ಕಾಶ್ಮೀರಿ ದರವಾಜೆಗೂ ನಡುವಣ ಪ್ರದೇಶದಲ್ಲಿ ಯುವರಾಜನ ಅರಮನೆಯೂ ಉದ್ಯಾನವೂ ಎದ್ದುವು. ಈ ಗ್ರಂಥಾಲಯವು ಆ ನೆಲೆಯ ಒಂದು ಭಾಗ.

ದಾರಾನಿಗೆ ಯುದ್ಧಕ್ಕಿಂತ ವಿದ್ಯೆಯಲ್ಲಿ ಒಲವು ಹೆಚ್ಚು. ಅವನು ಸೂಫಿ ಸಂತರ ಶಿಷ್ಯನಾಗಿದ್ದನು. ಹಿಂದೂ ಸನ್ಯಾಸಿಗಳೊಡನೆಯೂ ಪಂಡಿತರೊಡನೆಯೂ ಗೋಷ್ಠಿ ನಡೆಯಿಸುತ್ತಿದ್ದನು. ಸುಂದರಾಕ್ಷರದ ಬರವಣಿಗೆಯಲ್ಲಿ ನಿಪುಣನಾಗಿದ್ದನು. 1655ರಲ್ಲಿ ಅವನು ಬರೆದು ಮುಗಿಸಿದ ಒಂದು ಚಿಕ್ಕ ಗ್ರಂಥಕ್ಕೆ ‘ಎರಡು ಸಮುದ್ರಗಳ ಸಂಗಮ’ವೆಂಬ ಅರ್ಥದ ‘ಮಜ್ಮ-ಉಲ್-ಬಹ್ರೈನ್’ ಎಂಬ ಹೆಸರಿಟ್ಟನು. ಸೂಫಿಗಳ ಅನುಭಾವಕ್ಕೂ ವೇದಾಂತಿಗಳ ಅನುಭಾವಕ್ಕೂ ಇರುವ ಸಾಮ್ಯವನ್ನು ಅದರಲ್ಲಿ ತೋರಿಸಿದನು. ಅದಾದ ಎರಡು ವರ್ಷಗಳಿಗೆ, ಎಂದರೆ 1657ರಲ್ಲಿ, ಕಾಶಿಯಿಂದ ಬಂದ ಪಂಡಿತರ ಮತ್ತು ಸನ್ಯಾಸಿಗಳ ಸಹಾಯದಿಂದ ಐವತ್ತು ಉಪನಿಷತ್ತುಗಳನ್ನು ಪಾರಸೀ ಭಾಷೆಗೆ ತಂದನು. ಈ ಕಾರ್ಯವು ಯಮುನೆಯ ನಿಗಮಬೋಧ ಘಟ್ಟದ ಬಳಿಯ ಅವನ ಅರಮನೆಯಲ್ಲಿಯೇ ನೆರವೇರಿತು. ಅನುವಾದಕ್ಕೆ ‘ಸಿರ್ರ್-ಎ-ಅಕ್ಬರ್’, ಅಂದರೆ ಮಹಾರಹಸ್ಯ, ಎಂದು ಹೆಸರು.

ಮರುವರ್ಷವೇ ಸಹೋದರರಲ್ಲಿ ಸಿಂಹಾಸನಕ್ಕಾಗಿ ಯುದ್ಧ ನಡೆಯಿತು. 1658ರ ಸಾಮೂಗಢದ ಕಾಳಗದಲ್ಲಿ ದಾರಾನು ತಮ್ಮನಾದ ಔರಂಗಜೇಬನಿಂದ ಸೋಲಿಸಲ್ಪಟ್ಟನು. ಊರಿಂದೂರಿಗೆ ಓಡಿ ಕಡೆಗೆ ಸೆರೆಸಿಕ್ಕಿ, 1659ರ ಆಗಸ್ಟ್ ತಿಂಗಳಲ್ಲಿ ತನ್ನ ದಿಲ್ಲಿಯಲ್ಲಿಯೇ ಕೊಲ್ಲಲ್ಪಟ್ಟನು. ಧರ್ಮಭ್ರಷ್ಟನೆಂಬುದು ಅವನ ಮೇಲೆ ಹೊರಿಸಿದ ಅಪರಾಧಗಳಲ್ಲಿ ಒಂದು. ಅವನ ದೇಹವನ್ನು ಹುಮಾಯೂನನ ಗೋರಿಯ ಆವರಣದಲ್ಲಿ ಹೂಳಿದರು.

ಒಡೆಯನು ಹೋದ ಬಳಿಕ ಗ್ರಂಥಗಳೂ ಚೆದುರಿದುವು. ಅವನು ತನ್ನ ಪತ್ನಿಯಾದ ನಾದಿರಾ ಬೇಗಮಳಿಗೆ ಸ್ವಹಸ್ತದಿಂದ ಬರೆದುಕೊಟ್ಟ ಕಾಣಿಕೆಯ ಮಾತುಳ್ಳ ಚಿತ್ರಸಂಪುಟವೊಂದು ಈಗ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ. ಉಪನಿಷತ್ತುಗಳ ಪಾರಸೀ ಅನುವಾದದ ಪ್ರತಿಯೊಂದು ಆಂಕ್ವೆಟಿಲ್ ದ್ಯುಪೆರಾನ್ ಎಂಬ ಫ್ರೆಂಚ್ ವಿದ್ವಾಂಸನ ಕೈಸೇರಿ, ಅವನಿಂದ ಲ್ಯಾಟಿನ್ ಭಾಷೆಗೆ ಪರಿವರ್ತಿತವಾಗಿ 1801-02ರಲ್ಲಿ ಅಚ್ಚಾಯಿತು. ಜರ್ಮನಿಯ ತತ್ತ್ವಜ್ಞನಾದ ಶೋಪೆನ್‌ಹಾವರನು ಉಪನಿಷತ್ತುಗಳನ್ನು ಮೆಚ್ಚಿದುದು ಈ ಲ್ಯಾಟಿನ್ ಗ್ರಂಥವನ್ನು ಓದಿಯೇ. ಹೀಗೆ ದಿಲ್ಲಿಯ ಆ ಮನೆಯಿಂದ ಹೊರಬಿದ್ದ ಜ್ಞಾನವು ಜಂಗಮವಾಗಿ ಲೋಕವನ್ನು ಸುತ್ತಿತು. ಮನೆಯು ಮಾತ್ರ ಬರಿದಾಗಿ ನಿಂತಿತು.

ಆ ಮೇಲಿನ ಮುನ್ನೂರು ವರ್ಷಗಳಲ್ಲಿ ಅದು ಹಲವರ ಕೈಗೆ ಬಂದಿತು. 1803ರಲ್ಲಿ ಇಂಗ್ಲಿಷರು ದಿಲ್ಲಿಯನ್ನು ಹಿಡಿದ ಬಳಿಕ ಅವರ ರೆಸಿಡೆಂಟನಾದ ಸರ್ ಡೇವಿಡ್ ಆಕ್ಟರ್‌ಲೋನಿಯು ಇಲ್ಲಿ ವಾಸ ಮಾಡಿದನು. ಮುಂಭಾಗಕ್ಕೆ ಯುರೋಪೀಯ ರೀತಿಯ ದೊಡ್ಡ ಕಂಬಗಳ ಜಗಲಿಯು ಬಂದುದು ಇಂಗ್ಲಿಷರ ಕಾಲದಲ್ಲಿ. ಹಿಂಭಾಗಕ್ಕೆ ಹೋಗಿ ನೋಡಿದರೆ ಶಹಾಜಹಾನನ ಕಾಲದ ಕೆಂಪು ಕಲ್ಲಿನ ಕಂಬಗಳೂ ಕಮಾನುಗಳೂ ಇಂದಿಗೂ ಕಣ್ಣಿಗೆ ಬೀಳುತ್ತವೆ. ಒಂದೇ ಮನೆಯಲ್ಲಿ ಎರಡು ಯುಗಗಳು ಬೆನ್ನಿಗೆ ಬೆನ್ನು ಹಚ್ಚಿ ನಿಂತಿವೆ.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಸುಪ್ರಸಿದ್ಧವಾದ ದಿಲ್ಲಿ ಕಾಲೇಜು ಈ ಕಟ್ಟಡಕ್ಕೆ ಬಂದಿತು. ಆಗ ಈ ಮನೆಗೆ ಮತ್ತೊಮ್ಮೆ ಜೀವ ಬಂದಿತೆಂದೇ ಹೇಳಬೇಕು. ಗಣಿತಜ್ಞನಾದ ಮಾಸ್ತರ್ ರಾಮಚಂದ್ರನಂಥ ಉಪಾಧ್ಯಾಯರು ಅಲ್ಲಿದ್ದರು. ಪಾಶ್ಚಾತ್ಯ ವಿಜ್ಞಾನ, ಗಣಿತ, ಚರಿತ್ರೆಗಳ ಗ್ರಂಥಗಳು ಉರ್ದೂ ಭಾಷೆಗೆ ಅನುವಾದಿಸಲ್ಪಟ್ಟುವು. ಒಂದು ಭಾಷೆಯ ಜ್ಞಾನವನ್ನು ಇನ್ನೊಂದು ಭಾಷೆಯವರಿಗೆ ಉಣಬಡಿಸುವ ದಾರಾನ ಕಾಯಕವೇ ಇನ್ನೂರು ವರ್ಷಗಳ ತರುವಾಯ ಅದೇ ಸ್ಥಳದಲ್ಲಿ ಬೇರೊಂದು ರೂಪದಿಂದ ನಡೆದುದು ಆಶ್ಚರ್ಯಕರವಾಗಿದೆ. ಆದರೆ 1857ರ ಮೇ ತಿಂಗಳ ದಂಗೆಯಲ್ಲಿ ಕಾಲೇಜಿನ ಪುಸ್ತಕಭಂಡಾರವು ಲೂಟಿಯಾಯಿತು. ಆ ವರ್ಷದ ಸೆಪ್ಟೆಂಬರ 14ರಂದು ಇಂಗ್ಲಿಷರ ಸೈನ್ಯವು ಕಾಶ್ಮೀರಿ ದರವಾಜೆಯನ್ನು ಸಿಡಿಸಿ ಪಟ್ಟಣವನ್ನು ಹೊಕ್ಕಿತು. ಒಂದೇ ಮನೆಯು ಎರಡನೆಯ ಸಲ ಗ್ರಂಥಗಳನ್ನು ಕಳೆದುಕೊಂಡಿತು. ಶತಮಾನದ ಉತ್ತರಾರ್ಧದಲ್ಲಿ ಅದು ಶಾಲೆಯಾಯಿತು. ಕಾಲಾಂತರದಲ್ಲಿ ದಿಲ್ಲಿ ಸರಕಾರದ ಪ್ರಾಕ್ತನ ಇಲಾಖೆಯ ವಶಕ್ಕೆ ಬಂದಿತು.

ಇಲ್ಲಿ ಒಂದು ಕ್ಷಣ ನಿಂತು ನಮ್ಮ ಕಲ್ಯಾಣವನ್ನು ನೆನೆಯಬೇಕು. ಹನ್ನೆರಡನೆಯ ಶತಮಾನದ ಆ ಮಹಾಕ್ರಾಂತಿಯ ಕಾಲದಲ್ಲಿ ಶರಣರು ಕಲ್ಯಾಣವನ್ನು ಬಿಟ್ಟು ಹೊರಟಾಗ ವಚನಗಳ ಕಟ್ಟುಗಳನ್ನು ಹೊತ್ತುಕೊಂಡು ಉಳವಿಯ ಕಡೆಗೆ ನಡೆದರೆಂಬುದು ನಮ್ಮ ಪರಂಪರೆಯಲ್ಲಿ ಬಂದ ಕಥೆ. ಅನುಭವಮಂಟಪವು ಕಣ್ಮರೆಯಾಯಿತು, ಅದರ ನುಡಿಯು ಉಳಿಯಿತು. ದಿಲ್ಲಿಯಲ್ಲಿ ಮನೆಯು ಉಳಿದು ಗ್ರಂಥವು ಹೋಯಿತು. ಕಲ್ಯಾಣದಲ್ಲಿ ಗ್ರಂಥವು ಉಳಿದು ಮನೆಯು ಹೋಯಿತು. ಎರಡರಲ್ಲಿ ನಮ್ಮ ಭಾಗ್ಯವೇ ಹಿರಿದೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಗ್ರಂಥಗಳು ತಾವಾಗಿಯೇ ಉಳಿದುಬಂದುವೆಂದು ತಿಳಿಯಲಾಗದು. ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ಕಾಲದ ವಿರಕ್ತರೂ ಅವರ ಹಿಂದಿನಿಂದ ಬಂದವರೂ ಚೆದುರಿದ ವಚನಗಳನ್ನು ಕೂಡಿಸಿ ಸಂಕಲನ ಮಾಡಿದರು; ಶೂನ್ಯಸಂಪಾದನೆಗಳು ಹುಟ್ಟಿದುವು. ಆ ಬಳಿಕ ಶತಮಾನಗಳವರೆಗೆ ಆ ಓಲೆಗಳಿಗೆ ನೆರಳು ಕೊಟ್ಟುವು ಮಠಗಳ ಕೋಣೆಗಳು ಮತ್ತು ಭಕ್ತರ ಮನೆಗಳ ಜಗಲಿಗಳು. ಕಳೆದ ಶತಮಾನದಲ್ಲಿ ವಿಜಾಪುರದ ಫ. ಗು. ಹಳಕಟ್ಟಿಯವರು ಆ ಕಟ್ಟುಗಳನ್ನು ಹುಡುಕಿ ತೆಗೆದು, ಪ್ರತಿಮಾಡಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಪ್ರಕಟಿಸಿದರು. ಅವರು ಮನೆಯಿಂದ ಮನೆಗೆ, ಮಠದಿಂದ ಮಠಕ್ಕೆ ಹೋಗಿ ಹುಡುಕಿದಾಗ ಓಲೆಗಳು ದೊರೆತುದು ಯಾರೋ ಒಬ್ಬರು ಮಳೆ ಸೋರದಂತೆ ಮಾಳಿಗೆಯನ್ನು ಕಾಪಾಡಿದ್ದುದರಿಂದಲ್ಲವೇ? ಓಲೆಗರಿಗೆ ನೀರು ತಾಗಿದರೆ ಬೂಷ್ಟು ಹಿಡಿಯುತ್ತದೆ. ಗಾಳಿ ಬೆಳಕುಗಳಿಲ್ಲದಿದ್ದರೆ ಹುಳು ತಿನ್ನುತ್ತದೆ. ಜಂಗಮವಾದ ನುಡಿಗೆ ಸ್ಥಾವರವಾದ ಸೂರು ಸೇವಕನಂತೆ ನಿಂತು ಸಲ್ಲಿಸಿದ ಸೇವೆಯಿದು.

ದಿಲ್ಲಿಯ ಕಥೆಗೆ ಮರಳೋಣ. 1947ರಲ್ಲಿ ದೇಶವು ಸ್ವತಂತ್ರವಾಯಿತು. ಅದರೊಡನೆಯೇ ಎರಡಾಗಿ ಒಡೆಯಿತು. ಸುಮಾರು ಒಂದೂವರೆ ಕೋಟಿ ಜನರು ತಲೆತಲಾಂತರದ ಊರುಗಳನ್ನು ಬಿಟ್ಟು ಗಡಿಯನ್ನು ದಾಟಿದರೆಂದೂ, ಲಕ್ಷಾಂತರ ಜನರು ದಾರಿಯಲ್ಲಿಯೂ ತಮ್ಮ ಊರುಗಳಲ್ಲಿಯೂ ಪ್ರಾಣ ನೀಗಿದರೆಂದೂ ಚರಿತ್ರಕಾರರು ಎಣಿಸುತ್ತಾರೆ. ದಿಲ್ಲಿಯ ಜನಸಂಖ್ಯೆಯು 1941ರಲ್ಲಿ ಸುಮಾರು 9 ಲಕ್ಷವಿದ್ದುದು 1951ರ ಹೊತ್ತಿಗೆ 17 ಲಕ್ಷವನ್ನು ಮೀರಿತು. ಪಂಜಾಬ ಸಿಂಧಗಳಿಂದ ಬಂದವರಿಗೆ ಕಿಂಗ್ಸ್‌ವೇ ಮೊದಲಾದ ಕಡೆಗಳಲ್ಲಿ ಡೇರೆಗಳನ್ನು ಹೂಡಿದರು. ದಿಲ್ಲಿಯನ್ನು ಬಿಟ್ಟು ಹೋಗತಕ್ಕ ಮುಸಲ್ಮಾನರು ಪುರಾಣಾ ಕಿಲ್ಲೆಯಲ್ಲಿಯೂ ಹುಮಾಯೂನನ ಗೋರಿಯ ಆವರಣದಲ್ಲಿಯೂ ಆಶ್ರಯ ಪಡೆದರು. ಎರಡು ಸಮುದ್ರಗಳ ಸಂಗಮವನ್ನು ಬಯಸಿದ ದಾರಾನು ಮಲಗಿರುವ ನೆಲದ ಮೇಲೆಯೇ, ಆ ಸಂಗಮವು ಒಡೆದುದರಿಂದ ಮನೆಮಾರು ಕಳೆದುಕೊಂಡ ಜನರು ತಿಂಗಳುಗಟ್ಟಲೆ ಕುಳಿತಿದ್ದರೆಂಬುದನ್ನು ನೆನೆದರೆ ಯಾರ ಮನಸ್ಸು ತಾನೇ ಕರಗದು?

ಆ ಪೀಳಿಗೆಯು ತನ್ನ ದುಃಖವನ್ನು ಬಹುಕಾಲ ನುಂಗಿಕೊಂಡೇ ಬದುಕಿತು. ಅವರ ನೆನಪುಗಳಿಗೊಂದು ನೆಲೆಯಾಗಬೇಕೆಂಬ ಉದ್ದೇಶದಿಂದ, ಕಲೆ ಹಾಗೂ ಸಾಂಸ್ಕೃತಿಕ ಪರಂಪರೆಯ ರಕ್ಷಣೆಗಾಗಿ ಏರ್ಪಟ್ಟ ಒಂದು ಟ್ರಸ್ಟಿನವರು 2017ರಲ್ಲಿ ಅಮೃತಸರದ ಹಳೆಯ ಟೌನ್ ಹಾಲಿನಲ್ಲಿ ದೇಶವಿಭಜನೆಯ ವಸ್ತುಸಂಗ್ರಹಾಲಯವನ್ನು ತೆರೆದರು. ಅಂಥದೇ ಎರಡನೆಯ ಸಂಗ್ರಹಾಲಯಕ್ಕೆ ದಿಲ್ಲಿಯಲ್ಲಿ ದೊರೆತ ಸ್ಥಳವೇ ದಾರಾ ಶುಕೋಹನ ಗ್ರಂಥಾಲಯ. ದಿಲ್ಲಿ ಸರಕಾರದ ಸಹಯೋಗದಿಂದ ಕಟ್ಟಡವು ಜೀರ್ಣೋದ್ಧಾರಗೊಂಡು, 2023ರ ಮೇ ತಿಂಗಳಲ್ಲಿ ಸಾರ್ವಜನಿಕರಿಗೆ ತೆರೆಯಲ್ಪಟ್ಟಿತು. ವಿಭಜನೆಯನ್ನು ಕಂಡುಂಡವರ ಬಾಯಿಂದ ಕೇಳಿ ಧ್ವನಿಮುದ್ರಿಸಿಕೊಂಡ ವೃತ್ತಾಂತಗಳು, ಅವರೂ ಅವರ ಮಕ್ಕಳೂ ತಂದೊಪ್ಪಿಸಿದ ಪತ್ರಗಳು, ಬಟ್ಟೆಬರೆಗಳು, ಮನೆಬಳಕೆಯ ಸಾಮಾನುಗಳು ಇಂಥ ಸಂಗ್ರಹಾಲಯದ ಸಂಪತ್ತು. ಅರಸರ ಕಿರೀಟ ಖಡ್ಗಗಳನ್ನು ನೋಡಲು ಹೋಗುವ ಸಂಗ್ರಹಾಲಯಗಳು ಬಹಳವಿವೆ. ಸಾಮಾನ್ಯ ಜನರು ತಮ್ಮ ಕೈಯಾರೆ ಕಟ್ಟಿದ ಸಂಗ್ರಹಾಲಯವು ವಿರಳ.

ಗ್ರಂಥಾಲಯವಾಗಿದ್ದುದನ್ನು ಮತ್ತೆ ಗ್ರಂಥಾಲಯವನ್ನಾಗಿಯೇ ಮಾಡಬೇಕಾಗಿತ್ತು, ದಾರಾನ ಮನೆಗೂ ನಿರಾಶ್ರಿತರ ಪೆಟ್ಟಿಗೆಗಳಿಗೂ ಏನು ಸಂಬಂಧ, ಎಂದು ಆಕ್ಷೇಪಿಸಬಹುದು. ಈ ಆಕ್ಷೇಪವು ಹಗುರವಾದುದಲ್ಲ. ಹಳೆಯ ಕಟ್ಟಡಕ್ಕೆ ಹೊಸ ಉಪಯೋಗವನ್ನು ಕಲ್ಪಿಸುವವರು ಮನಸ್ಸಿಗೆ ಬಂದುದನ್ನು ಮಾಡಲಾಗದು. ಪೂಜೆಯ ಮನೆಯನ್ನು ಅಂಗಡಿ ಮಾಡಿದರೆ ಗೋಡೆ ಉಳಿಯಬಹುದು, ಮನೆ ಉಳಿಯದು. ಆದರೆ ಇಲ್ಲಿ ಒಂದು ಮಾತನ್ನು ವಿಚಾರಿಸಬೇಕು. ಗ್ರಂಥವೆಂದರೇನು? ಮನುಷ್ಯರು ಕಂಡುಂಡ ಸತ್ಯವನ್ನು ಮುಂದಿನವರಿಗೆ ಒಪ್ಪಿಸುವ ಸಾಧನವೇ ಗ್ರಂಥ. ನಮ್ಮ ವಚನಗಳಾದರೂ ಮೊದಲು ಬಾಯಿಂದ ಹೊರಟ ನುಡಿಗಳಲ್ಲವೇ? ಅಂಬಿಗನೂ ಮಡಿವಾಳನೂ ನುಲಿಯ ಕಾಯಕದವನೂ ಆಡಿದ ಮಾತುಗಳು ಓಲೆಗೆ ಏರಿದುದರಿಂದ ಶಾಸ್ತ್ರವಾದುವು. ಹಾಗಾದ ಮೇಲೆ ಮನೆ ಕಳೆದುಕೊಂಡು ಬಂದ ಮುದುಕಿಯೊಬ್ಬಳು ತನ್ನ ಊರಿನ ಬಾವಿಯನ್ನೂ ನೆರೆಹೊರೆಯವರನ್ನೂ ನೆನೆದು ಆಡಿದ ಮಾತನ್ನು ಕೂಡಿಟ್ಟ ಮನೆಯನ್ನು ಗ್ರಂಥಾಲಯವಲ್ಲವೆಂದು ಹೇಗೆ ಹೇಳೋಣ? ಎರಡು ಧರ್ಮಗಳನ್ನು ಒಂದುಗೂಡಿಸಲು ಯತ್ನಿಸಿದವನ ಮನೆಯಲ್ಲಿಯೇ, ಅವು ಅಗಲಿದುದರ ಫಲವನ್ನು ಮಕ್ಕಳಿಗೆ ತೋರಿಸುವುದು ಅನುಚಿತವೆಂದು ನಮಗೆ ತೋರುವುದಿಲ್ಲ. ಆ ಮನೆಯ ಮೂಲ ಉದ್ದೇಶವು ಬೇರೊಂದು ದಾರಿಯಿಂದ ಅಲ್ಲಿಗೇ ಮರಳಿ ಬಂದಿದೆ.

ಜೀರ್ಣೋದ್ಧಾರದ ರೀತಿಯನ್ನು ಕುರಿತು ಎರಡು ಮಾತುಗಳನ್ನು ಹೇಳುವುದು ಅವಶ್ಯ. ಹಳೆಯದನ್ನು ಕೆಡವಿ ಅದೇ ಆಕಾರದಲ್ಲಿ ಹೊಸದನ್ನು ಕಟ್ಟುವುದಕ್ಕೆ ಜೀರ್ಣೋದ್ಧಾರವೆಂಬ ಹೆಸರು ಸಲ್ಲದು. ಉಳಿದಿರುವುದನ್ನು ಉಳಿಸುವುದು ಮೊದಲನೆಯ ಧರ್ಮ. ದಾರಾನ ಮನೆಯಲ್ಲಿ ಇಂಗ್ಲಿಷರ ಕಂಬಗಳನ್ನು ಕಿತ್ತುಹಾಕಿ ಶುದ್ಧ ಮೊಗಲ ಕಟ್ಟಡವನ್ನು ತೋರಿಸಬೇಕೆಂದು ಹೊರಟಿದ್ದರೆ, ಕಾಲೇಜಿನ ಕಥೆಯೂ 1857ರ ಕಥೆಯೂ ಅಳಿಸಿಹೋಗುತ್ತಿದ್ದುವು. ಒಂದೊಂದು ಕಾಲದವರು ಸೇರಿಸಿದ ಭಾಗವೂ ಚರಿತ್ರೆಯ ಒಂದೊಂದು ಪುಟ. ಇಷ್ಟವಿಲ್ಲದ ಪುಟವನ್ನು ಹರಿದ ಗ್ರಂಥವು ಪೂರ್ಣಗ್ರಂಥವಾಗಲಾರದು.

ಎರಡನೆಯದು ಸಾಮಗ್ರಿಯ ವಿಷಯ. ನಮ್ಮ ಹಿರಿಯರು ಕಲ್ಲು ಇಟ್ಟಿಗೆಗಳ ಗೋಡೆಗಳನ್ನು ಸುಣ್ಣದ ಗಾರೆಯಿಂದ ಕಟ್ಟಿದರು. ಸುಣ್ಣದ ಗಾರೆಯು ಮೃದುವಾದುದು. ಗೋಡೆಯೊಳಗಿನ ತೇವವನ್ನು ಹೊರಗೆ ಬಿಡುತ್ತದೆ, ಬಿಸಿಲು ಚಳಿಗಳಿಗೆ ಕಟ್ಟಡವು ಅಲುಗಿದರೆ ತಾನೂ ಹೊಂದಿಕೊಳ್ಳುತ್ತದೆ. ಅದರ ಮೇಲೆ ಸಿಮೆಂಟನ್ನು ಮೆತ್ತಿದರೆ ಮೊದಲ ಕೆಲವು ವರ್ಷ ಗೋಡೆಯು ನುಣುಪಾಗಿ ಗಟ್ಟಿಯಾಗಿ ಕಾಣುವುದು ನಿಜ. ಆದರೆ ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ, ಅದರಲ್ಲಿ ಕರಗಿದ ಉಪ್ಪು ಕಲ್ಲನ್ನೇ ತಿಂದು ಹಾಕುತ್ತದೆ. ಹೊರಗೆ ಭದ್ರವಾಗಿ ತೋರುವ ಗೋಡೆ ಒಳಗೊಳಗೇ ಪುಡಿಯಾಗುತ್ತದೆ. ಒಳ್ಳೆಯ ಉದ್ದೇಶದಿಂದ ಹಣ ಕೊಟ್ಟ ಭಕ್ತರ ಕಣ್ಣೆದುರಿನಲ್ಲಿಯೇ ಹೀಗೆ ಹಾಳಾಗುವ ಹಳೆಯ ಕಟ್ಟಡಗಳು ನಾಡಿನಲ್ಲಿ ಕಡಿಮೆಯಿಲ್ಲ. ಆದುದರಿಂದ ಮೊದಲು ಮಾಳಿಗೆಯ ಸೋರಿಕೆಯನ್ನೂ ಅಡಿಪಾಯದ ಬಳಿ ನಿಲ್ಲುವ ನೀರನ್ನೂ ತಡೆಯಬೇಕು. ಬಳಿಕ ಗಾರೆಯ ಕೆಲಸವನ್ನು ಬಲ್ಲ ಕುಶಲರಿಂದ ಗೋಡೆಯನ್ನು ಸರಿಪಡಿಸಬೇಕು. ಬಣ್ಣ ಅಲಂಕಾರಗಳ ಮಾತು ಕಡೆಗೆ.

ಮನೆಯೂ ಗ್ರಂಥವೂ ಕೂಡಿಯೇ ಉಳಿದರೆ ಎಂಥ ಫಲ ಬರುವುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಉತ್ತಮ ನಿದರ್ಶನವಿದೆ. 1887ರಲ್ಲಿ ವಿಕ್ಟೋರಿಯಾ ರಾಣಿಯ ಸುವರ್ಣ ಜ್ಯೂಬಿಲಿಯ ನೆನಪಿಗಾಗಿ ಮೈಸೂರಿನಲ್ಲಿ ಒಂದು ಭವ್ಯ ಮಂದಿರಕ್ಕೆ ಅಸ್ತಿಭಾರ ಹಾಕಲಾಯಿತು. ಚಾಮರಾಜೇಂದ್ರ ಒಡೆಯರವರು 1891ರಲ್ಲಿ ಸ್ಥಾಪಿಸಿದ ಪ್ರಾಚ್ಯಗ್ರಂಥಾಲಯವು ಆ ಮಂದಿರದಲ್ಲಿ ನೆಲೆಗೊಂಡಿತು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಂದೊಪ್ಪಿಸಿದ ಓಲೆಯ ಕಟ್ಟಿನಲ್ಲಿ, ಲುಪ್ತವಾಯಿತೆಂದು ಲೋಕವು ನಂಬಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕಂಡುಹಿಡಿದರು. 1909ರಲ್ಲಿ ಅದು ಅಚ್ಚಾಯಿತು. ಆ ಪಂಡಿತರಿಗೆ ತಮ್ಮ ಕಟ್ಟನ್ನು ನಂಬಿಕೆಯಿಂದ ಒಪ್ಪಿಸಲು ಒಂದು ಮನೆಯಿರದಿದ್ದರೆ, ಅದನ್ನು ಬಿಚ್ಚಿ ಓದಲು ಅಲ್ಲೊಬ್ಬ ವಿದ್ವಾಂಸರಿರದಿದ್ದರೆ, ಆ ಓಲೆಗಳ ಗತಿಯೇನಾಗುತ್ತಿತ್ತೆಂದು ಊಹಿಸಬಹುದು. ಜ್ಯೂಬಿಲಿಗಾಗಿ ಕಟ್ಟಿದ ಮಂದಿರವೊಂದು ಹದಿನೆಂಟು ವರ್ಷಗಳೊಳಗೆ ಕೊಟ್ಟ ಈ ಫಲವನ್ನು, ಜ್ಯೂಬಿಲಿಯನ್ನು ಆಚರಿಸುವ ನಾವು ಮರೆಯಲಾಗದು.

ಈಗ ಮೊದಲಿನ ಪ್ರಶ್ನೆಗೆ ಉತ್ತರವನ್ನು ಹೇಳಬಹುದು. ಸ್ಥಾವರವನ್ನು ಸ್ಥಾವರಕ್ಕಾಗಿಯೇ ಪೂಜಿಸುವುದು ಶರಣರಿಗೆ ಸಮ್ಮತವಲ್ಲ. ಬೀಗ ಹಾಕಿದ, ಬಣ್ಣ ಬಳಿದ, ಯಾರೂ ಒಳಹೋಗದ ಕಟ್ಟಡಕ್ಕಾಗಿ ಹಣ ಸುರಿಯುವುದು ಅಂಥ ಪೂಜೆಯೇ ಸರಿ. ಆದರೆ ಜಂಗಮಕ್ಕೆ ಇಂಬು ಕೊಡುವ ಸ್ಥಾವರವು ದಾಸೋಹದ ಒಂದು ಪಾತ್ರೆ. ಪ್ರಸಾದವಿಲ್ಲದ ಪಾತ್ರೆಯಿಂದ ಹಸಿವು ಹಿಂಗದು. ಪಾತ್ರೆಯು ಒಡೆದಿದ್ದರೆ ಪ್ರಸಾದವು ನೆಲದ ಪಾಲಾಗುವುದು. ದಾರಾನ ಗ್ರಂಥಾಲಯದ ಬಾಗಿಲುಗಳು ತೆರೆದು, ಬಾಲಕರೂ ವೃದ್ಧರೂ, ಹಿಂದೂಗಳೂ ಮುಸಲ್ಮಾನರೂ ಸಿಖ್ಖರೂ ಒಳಹೊಕ್ಕು ತಮ್ಮ ಅಜ್ಜ ಅಜ್ಜಿಯರ ಕಥೆಯನ್ನು ಕೇಳುವರೆಂಬುದೇ ಆ ಜೀರ್ಣೋದ್ಧಾರದ ಸಾರ್ಥಕತೆ. ಕಂಬಗಳ ಸೌಂದರ್ಯವು ಅದರ ತರುವಾಯದ್ದು.

ನಮ್ಮ ಮಠಗಳ ಹಳೆಯ ಗ್ರಂಥಕೋಣೆಗಳನ್ನೂ ಪಾಠಶಾಲೆಗಳನ್ನೂ ಇದೇ ಅಳತೆಯಿಂದ ಅಳೆಯಬೇಕು. ಒಂದು ಕೋಣೆಯ ಗೋಡೆಗೆ ಕೈಯಿಡುವ ಮುನ್ನ ಅದರಲ್ಲಿ ಯಾರು ಬಂದು ಕುಳಿತುಕೊಳ್ಳುವರು, ಏನನ್ನು ಓದುವರು, ಯಾವ ಕಥೆಯನ್ನು ಕೇಳುವರು ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಅಟ್ಟದ ಮೇಲೆಯೂ ಜಗಲಿಯ ಗೂಡಿನಲ್ಲಿಯೂ ಕೆಂಪು ವಸ್ತ್ರದಲ್ಲಿ ಸುತ್ತಿಟ್ಟು ವರ್ಷಕ್ಕೊಮ್ಮೆ ವಿಭೂತಿ ಹಚ್ಚಿ ಪೂಜಿಸುವ ಓಲೆಯ ಕಟ್ಟುಗಳು ಭಕ್ತರ ಮನೆಗಳಲ್ಲಿ ಇನ್ನೂ ಇರಬಹುದು. ಅವುಗಳನ್ನು ಬಲ್ಲವರಿಗೆ ತೋರಿಸಿ ಬಿಚ್ಚಿಸಿ ಓದಿಸಿದರೆ ಆ ಪೂಜೆಯು ಪೂರ್ಣವಾಗುವುದು. ಓಲೆಗಳಿಲ್ಲದ ಮನೆಯಲ್ಲಿ ಹಿರಿಯರಿರುವರು. ಮಠಕ್ಕೆ ಧಾನ್ಯವನ್ನು ಹೊತ್ತು ತಂದವರು, ಪ್ರಸಾದನಿಲಯದಲ್ಲಿ ಉಂಡು ಓದಿದವರು, ಬರಗಾಲದಲ್ಲಿ ದಾಸೋಹವು ನಡೆದುದನ್ನು ಕಂಡವರು ಹೇಳತಕ್ಕ ಮಾತುಗಳನ್ನು ಅವರಿರುವಾಗಲೇ ಬರೆದುಕೊಳ್ಳಬೇಕು. ದಿಲ್ಲಿಯವರು ಎಪ್ಪತ್ತು ವರ್ಷ ಕಳೆದ ಮೇಲೆ ಆ ಕಾರ್ಯವನ್ನು ಕೈಗೊಂಡರು. ಅಷ್ಟರಲ್ಲಿ ಎಷ್ಟೋ ಬಾಯಿಗಳು ಮೌನವಾಗಿದ್ದುವು. ನಾವು ಅಷ್ಟು ತಡಮಾಡಬೇಕಾಗಿಲ್ಲ.

ಹಿಂದೆ ಶರಣರು ಮನೆಯನ್ನು ಬಿಟ್ಟು ನುಡಿಯನ್ನು ಹೊತ್ತು ನಡೆದರು. ಆ ನುಡಿಯು ಎಂಟು ಶತಮಾನಗಳ ದಾರಿಯನ್ನು ಸವೆಸಿ ನಮ್ಮ ಬಾಗಿಲಿಗೆ ಬಂದಿದೆ. ಬಂದ ಜಂಗಮಕ್ಕೆ ಬಾಗಿಲು ತೆರೆದು, ಕಸ ಗುಡಿಸಿ, ಸೋರದ ಸೂರಿನ ಕೆಳಗೆ ಆಸನವನ್ನಿಕ್ಕುವುದು ಮನೆಯಲ್ಲಿರುವವರ ಧರ್ಮ. ಶ್ರೀಗುರುವಿನ ಕರುಣೆಯಿಂದ ಆ ಧರ್ಮವನ್ನು ನಡೆಯಿಸುವ ಬುದ್ಧಿಯೂ ಶಕ್ತಿಯೂ ಸದ್ಭಕ್ತರೆಲ್ಲರಿಗೆ ಉಂಟಾಗಲಿ. ಶರಣು ಶರಣಾರ್ಥಿ.